ಎರಡನೇ ಸಲ ಬರೆದವರಿಗೊಂದು ಬಹುಮಾನ

ಬೀರುವಿನ ಲಾಕರಿನಲ್ಲಿ, ಅಮ್ಮನ ಅವಲಕ್ಕಿ ಸರದ ಪಕ್ಕ, ನೀಲಿ ವೆಲ್ವೆಟ್ಟಿನ ಒಂದು ಡಬ್ಬಿ ಇದೆ. ಒಳಗೆ ನನ್ನ ಪದಕ. 1996ರ ಘಟಿಕೋತ್ಸವದಲ್ಲಿ ಬಂದದ್ದು, ಎಂ.ಎಸ್ಸಿ. ಗಣಿತದ ಒಂದು ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ತೆಗೆದದ್ದಕ್ಕೆ. ಮುಂಭಾಗದಲ್ಲಿ ವಿಶ್ವವಿದ್ಯಾಲಯದ ಲಾಂಛನ, ಹಿಂಭಾಗದಲ್ಲಿ ಒಬ್ಬ ಪ್ರೊಫೆಸರ್ ಹೆಸರು. ಎರಡು ವರ್ಷದ ಹಿಂದೆ ಯಾವುದೋ ಮದುವೆಗೆಂದು ಸರ ಹುಡುಕುತ್ತಿದ್ದ ಮಗಳು ಡಬ್ಬಿ ತೆರೆದು, ಪದಕವನ್ನು ತಿರುಗಿಸಿ ನೋಡಿ, "ಅಮ್ಮ, ಇವರು ಯಾರು?" ಅಂದಳು.

"ಮ್ಯಾಥ್ಸ್ ಪ್ರೊಫೆಸರ್ ಕಣೆ."

"ಅದನ್ನ ಇಲ್ಲೇ ಕೆತ್ತಿದ್ದಾರೆ. ಯಾರು ಅಂತ ಕೇಳಿದೆ."

ಗೊತ್ತಿರಲಿಲ್ಲ. ಮೂವತ್ತು ವರ್ಷ ಹತ್ತಿರವಾಯಿತು, ಬಯೋಡೇಟಾದಲ್ಲಿ ಆ ಹೆಸರನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಕೆಲಸಕ್ಕೆ ಹೋದಾಗ ಸಂದರ್ಶನದಲ್ಲಿ ಅದೇ ಹೆಸರನ್ನು ಗಟ್ಟಿಯಾಗಿ ಹೇಳಿದ್ದೇನೆ. ಆದರೆ ಆ ಮನುಷ್ಯ ಎತ್ತರವೋ ಕುಳ್ಳೋ, ಏನು ಪಾಠ ಹೇಳುತ್ತಿದ್ದರು, ಯಾವ ಊರಿನವರು, ಒಂದೂ ತಿಳಿಯದು. ಮಗಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ಸರ ಹಾಕಿಕೊಂಡು ಹೋದಳು. ನನಗೆ ಮಾತ್ರ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಉಳಿಯಿತು.

ಮೇಷ್ಟರ ಹೆಸರಿನ ಬಹುಮಾನಗಳ ಪಾಡೇ ಹೀಗೆ. ರಾಮಾನುಜನ್ ಕುಂಭಕೋಣದ ಟೌನ್ ಹೈಸ್ಕೂಲು ಮುಗಿಸಿದ 1904ರಲ್ಲಿ ಅವರಿಗೆ ಗಣಿತಕ್ಕೆಂದು ಕೆ. ರಂಗನಾಥ ರಾವ್ ಬಹುಮಾನ ಬಂತು. ಹೆಡ್‌ಮಾಸ್ಟರ್ ಕೃಷ್ಣಸ್ವಾಮಿ ಅಯ್ಯರ್ ಸಭೆಗೆ ಹುಡುಗನನ್ನು ಪರಿಚಯಿಸುತ್ತ, ಇವನಿಗೆ ನೂರಕ್ಕೆ ನೂರು ಕೊಟ್ಟರೂ ಕಡಿಮೆಯೇ ಎಂಬರ್ಥದ ಮಾತಾಡಿದರಂತೆ. ರಾಮಾನುಜನ್ ಜೀವನಚರಿತ್ರೆ ಓದಿದವರೆಲ್ಲ ರಂಗನಾಥ ರಾವ್ ಎಂಬ ಹೆಸರನ್ನು ಹಾದು ಹೋಗಿರುತ್ತಾರೆ. ಎಷ್ಟು ಜನ ಅಲ್ಲಿ ಒಂದು ಗಳಿಗೆ ನಿಂತಿರಬಹುದು? ನಾನಂತೂ ನಿಂತಿರಲಿಲ್ಲ. ಯಾರನ್ನೋ ನೆನೆಯಲೆಂದು ಇಟ್ಟ ಬಹುಮಾನ ಅದು. ಈಗ ಅದನ್ನು ಪಡೆದ ಹುಡುಗನ ನೆನಪೇ ಬಹುಮಾನದ ಹೆಸರನ್ನು ಉಳಿಸಿಕೊಂಡಿದೆ.

ಇನ್ನೊಂದು ಕಥೆ ಕೇಂಬ್ರಿಜ್‌ನದು, ತರಗತಿಯಲ್ಲಿ ವೆಕ್ಟರ್ ಕ್ಯಾಲ್ಕುಲಸ್ ಮಾಡುವಾಗ ನಾನು ತಪ್ಪದೆ ಹೇಳುವಂಥದು. ಟ್ರಿನಿಟಿ ಕಾಲೇಜಿನ ಮುಖ್ಯಸ್ಥರಾಗಿದ್ದ ರಾಬರ್ಟ್ ಸ್ಮಿತ್ 1768ರಲ್ಲಿ ತೀರಿಕೊಂಡಾಗ, ಗಣಿತದಲ್ಲಿ ಮುಂದಿರುವ ಇಬ್ಬರು ಹುಡುಗರಿಗೆ ವರ್ಷವರ್ಷವೂ ಬಹುಮಾನ ಕೊಡಿ ಎಂದು ಉಯಿಲಿನಲ್ಲಿ ದುಡ್ಡಿಟ್ಟಿದ್ದರು. ಅದಕ್ಕೆಂದೇ ಬೇರೆ ಪರೀಕ್ಷೆ. 1854ರಲ್ಲಿ ಆ ಪರೀಕ್ಷೆಗೆ ಪ್ರಶ್ನೆ ತೆಗೆದವರು ಜಾರ್ಜ್ ಸ್ಟೋಕ್ಸ್. ಎಂಟನೇ ಪ್ರಶ್ನೆಯಾಗಿ ಒಂದು ಪ್ರಮೇಯ ಕೊಟ್ಟು, ಸಾಧಿಸಿ ಅಂದರು. ಅದಕ್ಕೂ ನಾಲ್ಕು ವರ್ಷ ಮೊದಲು ಕೆಲ್ವಿನ್ ಕಾಗದದಲ್ಲಿ ಬರೆದು ತಿಳಿಸಿದ್ದ ಫಲಿತಾಂಶ ಅದು. ಇವತ್ತು ನಮ್ಮ ಬಿ.ಎಸ್ಸಿ. ಮಕ್ಕಳು ಹತ್ತು ಅಂಕಕ್ಕೆ ಉರು ಹೊಡೆಯುವ ಸ್ಟೋಕ್ಸ್ ಪ್ರಮೇಯ. ಪರೀಕ್ಷೆಗೆ ಕೂತವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಬ್ಬರು. ಮುಂದೆ ವಿದ್ಯುತ್ತು-ಕಾಂತತ್ವದ ತಮ್ಮ ಗ್ರಂಥದಲ್ಲಿ ಈ ಪ್ರಮೇಯ ಬಂದ ಕಡೆ ಅವರು ಅಡಿಟಿಪ್ಪಣಿಯಲ್ಲಿ ಸ್ಟೋಕ್ಸ್ ಹೆಸರಿನ ಜೊತೆ ಆ ಪರೀಕ್ಷೆಯನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಬರೆದಿದ್ದಾರೆ. ಪ್ರಮೇಯಕ್ಕೆ ಸ್ಟೋಕ್ಸ್ ಹೆಸರು ಉಳಿಯಿತು. ಪರೀಕ್ಷೆಗೆ ದುಡ್ಡಿಟ್ಟ ಸ್ಮಿತ್?

ಆ ವರ್ಷ ಬಹುಮಾನವನ್ನು ಮ್ಯಾಕ್ಸ್‌ವೆಲ್ ಜೊತೆ ಸಮನಾಗಿ ಹಂಚಿಕೊಂಡವರು ಎಡ್ವರ್ಡ್ ರೌತ್. ಇಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್‌ನ ರೌತ್-ಹರ್ವಿಟ್ಜ್ ನೆನಪಾದೀತು. ಕೇಂಬ್ರಿಜ್ ಗಣಿತ ಪದವಿಯ ಟ್ರೈಪಾಸ್ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್‌ರನ್ನೇ ಎರಡನೇ ಸ್ಥಾನಕ್ಕೆ ತಳ್ಳಿದ ಮನುಷ್ಯ. ಆದರೆ ಬದುಕಿನ ಬಹುಭಾಗವನ್ನು ಅವರು ಕಳೆದದ್ದು ಪಾಠ ಹೇಳುವುದರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಅವರ ಮನೆಪಾಠಕ್ಕೆ ಹೋದ ಹುಡುಗರೇ ಕೇಂಬ್ರಿಜ್‌ನಲ್ಲಿ ಮೇಲಿಂದ ಮೇಲೆ ಮೊದಲ ರ‍್ಯಾಂಕ್ ಪಡೆದರು. ರ‍್ಯಾಲೀ, ಜೆ.ಜೆ. ಥಾಮ್ಸನ್ ಅವರಂಥ ಭೌತವಿಜ್ಞಾನಿಗಳು ಅಲ್ಲಿ ಕಲಿತವರೇ. ಒಂದೇ ಬಹುಮಾನ ಹಂಚಿಕೊಂಡ ಇಬ್ಬರಲ್ಲಿ ಒಬ್ಬರು ಬೆಳಕೆಂದರೇನೆಂದು ಹೇಳಿದರು, ಇನ್ನೊಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಇವರಲ್ಲಿ ಯಾರು ದೊಡ್ಡವರು ಎಂದು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಾನೆ. ಬೆಲ್ ಹೊಡೆಯುವುದಕ್ಕೆ ಕಾಯುತ್ತೇನೆ.

ನಮ್ಮ ವಿಷಯಕ್ಕೆ ಬರುತ್ತೇನೆ. ಎಂ.ಎಸ್ಸಿ. ಬ್ಯಾಚಿನದೊಂದು ವಾಟ್ಸ್ಆ್ಯಪ್ ಗುಂಪಿದೆ, ಇಪ್ಪತ್ಮೂರು ಜನ. ಶುಭೋದಯದ ಹೂವುಗಳ ನಡುವೆ ಒಂದು ದಿನ ಪುಣೆಯಲ್ಲಿರುವ ಗೆಳೆಯನೊಬ್ಬ, "ನಮ್ಮ ಸರ್ ಮತ್ತೆ ಮೇಡಂ ಹೆಸರಲ್ಲಿ ವಿಭಾಗದಲ್ಲಿ ಒಂದು ದತ್ತಿ ಇಡೋಣ ಕಣ್ರೋ" ಎಂದು ಹಾಕಿದ. ಅರ್ಧ ಗಂಟೆಯಲ್ಲಿ ಹದಿನೇಳು ಹೆಬ್ಬೆರಳು. ದುಡ್ಡಿನ ಮಾತು ಬಂದಾಗ ಹನ್ನೊಂದಾಯಿತು, ಆಮೇಲೆ ಮತ್ತೆ ಏರಿತು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಸರ್‌ಗೆ ಇಷ್ಟವಾಗುವುದಿಲ್ಲ, ಮೇಡಂ ಈಗ ಬದುಕಿಲ್ಲ.

ಸರ್ ನಮಗೆ ರಿಯಲ್ ಅನಾಲಿಸಿಸ್ ಹೇಳಿದವರು. ಹೇಳಿಕೆಯೊಂದನ್ನು ಸುಳ್ಳಾಗಿಸುವ ಉದಾಹರಣೆ, ಅಂದರೆ ಕೌಂಟರ್ ಎಕ್ಸಾಂಪಲ್‌ಗೆ ಅವರಿಟ್ಟ ಹೆಸರು 'ತಗಾದೆ'. ಬೋರ್ಡಿನ ಮೇಲೆ ಒಂದು ಹೇಳಿಕೆ ಬರೆಯುವರು: ಒಡೆಯದೆ ಸಾಗುವ ಪ್ರತಿ ರೇಖೆಗೂ ಎಲ್ಲಾದರೂ ಒಂದು ಬಿಂದುವಿನಲ್ಲಾದರೂ ಸ್ಪರ್ಶರೇಖೆ ಇರಲೇಬೇಕು. "ಒಪ್ಪಿಗೆಯಾ?" ನಾವು ತಲೆಯಾಡಿಸುವೆವು. ಕಣ್ಣಿಗೆ ಕಾಣುವಂತಿದೆಯಲ್ಲ. "ಹಾಗಾದ್ರೆ ಜರ್ಮನಿಯಿಂದ ಒಬ್ಬರು ತಗಾದೆ ತಂದಿದಾರೆ" ಎಂದು ವೈಯರ್‌ಸ್ಟ್ರಾಸ್ 1872ರಲ್ಲಿ ಮಂಡಿಸಿದ ಆ ಮುಳ್ಳುಮುಳ್ಳಾದ ಫಂಕ್ಷನ್ನನ್ನು ಬಿಚ್ಚುವರು. ಎಲ್ಲೂ ಕಡಿಯುವುದಿಲ್ಲ, ಎಲ್ಲೂ ನುಣುಪಿಲ್ಲ. ಅವರ ಪರೀಕ್ಷೆಯ ಪ್ರಶ್ನೆಗಳೂ ಅದೇ ಜಾತಿ. ಒಂದೂವರೆ ಪುಟದ ಸಾಧನೆ ಕೊಟ್ಟು ಕೆಳಗೆ, "ಇದು ಸುಳ್ಳು. ಯಾವ ಸಾಲಿನಲ್ಲಿ?"

ಮೇಡಂ ಆಲ್ಜೀಬ್ರಾ. ಸಾಧನೆ ಮುಕ್ಕಾಲು ಭಾಗ ಬಂದಾಗ ಬೇಕೆಂದೇ ಒಂದು ಕಡೆ ಸಿಕ್ಕಿಹಾಕಿಕೊಂಡು, ಸೀಮೆಸುಣ್ಣ ಮೇಜಿನ ಮೇಲಿಟ್ಟು, "ಐದು ನಿಮಿಷ ನಾನಿಲ್ಲ" ಎಂದು ವರಾಂಡಕ್ಕೆ ಹೋಗಿಬಿಡುವರು. ಮೊದಲ ಎರಡು ವಾರ ನಾವು ಆ ಐದು ನಿಮಿಷ ಹರಟಿದೆವು. ಅವರು ಬಂದು, ಬೋರ್ಡ್ ನೋಡಿ, ಏನೂ ಅನ್ನದೆ ಮತ್ತೆ ವರಾಂಡಕ್ಕೆ ಹೋದರು. ಮೂರನೇ ವಾರ ಯಾರೋ ಒಬ್ಬಳು ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಆ ಒಬ್ಬಳು ನಾನೇ ಎಂದು ಬರೆಯುವ ಆಸೆ, ಆದರೆ ಗುಂಪಿನ ಇಪ್ಪತ್ತೆರಡು ಜನ ಇದನ್ನು ಓದುತ್ತಾರೆ.

ಮೇಡಂ ತಂಗಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆವು. ಬ್ಯಾನರಿನ ಕರಡು ಕಳಿಸಿದ್ದಕ್ಕೆ ಆಕೆ ಒಂದೇ ತಿದ್ದುಪಡಿ ಹೇಳಿದರು: "ಅಕ್ಕನ ಹೆಸರಿನ ಮುಂದೆ ಡಾಕ್ಟರ್ ಹಾಕಬೇಡಿ. ಅವಳು ಪಿಎಚ್.ಡಿ. ಮುಗಿಸಲಿಲ್ಲ." ನಮಗೆಲ್ಲ ಆಶ್ಚರ್ಯ. ಇಷ್ಟು ವರ್ಷ ಡಾಕ್ಟರ್ ಅಂತಲೇ ಅಂದುಕೊಂಡಿದ್ದೆವು. ನೋಂದಣಿ ಆಗಿತ್ತಂತೆ, ಎರಡು ಅಧ್ಯಾಯ ಬರೆದಿದ್ದರಂತೆ, ಪ್ರತಿ ವರ್ಷ ಬೇಸಿಗೆಗೆ ಮುಗಿಸುತ್ತೇನೆ ಅನ್ನುತ್ತಿದ್ದರಂತೆ. ಬೇಸಿಗೆಯಲ್ಲಿ ನೆಟ್ ಪರೀಕ್ಷೆ ಬರೆಯುವ ಹುಡುಗಿಯರು ಮನೆಗೆ ಬರುತ್ತಿದ್ದರು. ಆ ಹುಡುಗಿಯರಲ್ಲಿ ನಾನೂ ಒಬ್ಬಳು. ಇದನ್ನು ಕೇಳಿಸಿಕೊಂಡ ಮೇಲೆ ಆ ದಿನ ಬೇರೇನೂ ಕೆಲಸ ಹಿಡಿಸಲಿಲ್ಲ.

ಸರ್ ಒಪ್ಪಿಗೆ ಕೇಳಲು ನಾವು ಮೂವರು ಅವರ ಮನೆಗೇ ಹೋದೆವು. ಎಪ್ಪತ್ತೆಂಟರ ಹತ್ತಿರ ಈಗ. ವಿಷಯ ಕೇಳಿ, "ನಾನಿನ್ನೂ ಬದುಕಿದೀನಲ್ಲಪ್ಪ" ಅಂದರು. ಕಾಫಿ ಬಂತು. ಮಾತಿನ ನಡುವೆ ನನಗೆ ಲಾಕರಿನ ಪದಕ ನೆನಪಾಗಿ, ಅದರ ಹಿಂದಿನ ಹೆಸರು ಹೇಳಿ, ಇವರು ಯಾರು ಗೊತ್ತಾ ಸರ್ ಎಂದೆ. ಲೋಟ ಕೆಳಗಿಟ್ಟರು.

"ಅವರಾ? ನನಗೆ ಟೋಪಾಲಜಿ ಹೇಳಿದವರು. ಸೈಕಲ್ಲಲ್ಲಿ ಬರೋರು. ಕೈಯಲ್ಲಿ ಒಂದು ಚೀಟಿ ಇರ್ತಿರಲಿಲ್ಲ. ಪ್ರೂಫ್ ಮಧ್ಯೆ ನಿಂತ್ರೆ 'ನಾಳೆ' ಅನ್ನೋರು, ಮಾರನೇ ದಿನ ಅದೇ ಸಾಲಿಂದ ಶುರು. 1980ರಲ್ಲಿ ಅವರು ರಿಟೈರ್ ಆದಾಗ ನಾವು ಇನ್ನೂರು ಜನ ಹಳೇ ವಿದ್ಯಾರ್ಥಿಗಳು ತಲಾ ಐವತ್ತು ರೂಪಾಯಿ ಹಾಕಿ ಆ ಪದಕ ಇಟ್ವಿ." ಸ್ವಲ್ಪ ನಕ್ಕರು. "ನಿನ್ನ ಪದಕದಲ್ಲಿ ನಂದೂ ಐವತ್ತು ರೂಪಾಯಿ ಇದೆ."

ಎರಡು ವರ್ಷ ಪಾಠ ಹೇಳಿದರು, ಪದಕ ಬಂದ ದಿನ ಬೆನ್ನು ತಟ್ಟಿದರು, ಆಗಲೂ ಇದನ್ನು ಹೇಳಿರಲಿಲ್ಲ.

ಈ ಐವತ್ತು ರೂಪಾಯಿಯ ಲೆಕ್ಕವನ್ನು ಮನೆಗೆ ಬಂದು ಮಾಡಿದೆ, ಸುಮ್ಮನಿರಲಾಗದೆ. ಇನ್ನೂರು ಜನಕ್ಕೆ ಐವತ್ತರಂತೆ ಹತ್ತು ಸಾವಿರ. ದತ್ತಿಯ ನಿಯಮ ಏನೆಂದರೆ ಮೂಲಧನ ಮುಟ್ಟಬಾರದು, ಬಡ್ಡಿಯಲ್ಲಿ ಪದಕ ಮಾಡಿಸಬೇಕು. ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ವರ್ಷಕ್ಕೆ ಸಾವಿರ. 1980ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 1,300 ರೂಪಾಯಿ. ಅಂದರೆ ಏಳೂವರೆ ಗ್ರಾಂ ಬರುತ್ತಿತ್ತು. ಅಪ್ಪಟ ಚಿನ್ನದ ಪದಕವೇ. ನನಗೆ ಕೊಡುವ ಹೊತ್ತಿಗೆ ಹತ್ತು ಗ್ರಾಂ ಐದು ಸಾವಿರ ದಾಟಿತ್ತು, ಸಾವಿರಕ್ಕೆ ಎರಡು ಗ್ರಾಂ. ಹಾಗಾಗಿಯೇ ನನ್ನದು ಬೆಳ್ಳಿ, ಮೇಲೆ ಚಿನ್ನದ ನೀರು. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿತು. ಬಡ್ಡಿಯೂ ಇಳಿದಿದೆ, ನೂರಕ್ಕೆ ಏಳು ಅಂದರೆ ಏಳು ನೂರು ರೂಪಾಯಿ. ಎಪ್ಪತ್ತು ಮಿಲಿಗ್ರಾಂ ಚಿನ್ನವೂ ಸಿಗುವುದಿಲ್ಲ. ಬಡ್ಡಿಯನ್ನು ವರ್ಷವರ್ಷ ಖರ್ಚು ಮಾಡಿಬಿಟ್ಟರೆ ಮೂಲಧನ ನಿಂತಲ್ಲೇ ನಿಲ್ಲುತ್ತದೆ, ಬೆಲೆ ಮಾತ್ರ ಗುಣೋತ್ತರ ಶ್ರೇಢಿಯಲ್ಲಿ ಓಡುತ್ತದೆ. ಇದನ್ನು ಪಿಯುಸಿಯಲ್ಲೇ ಕಲಿಸುತ್ತೇವೆ. ಇನ್ನೂರು ಜನ ಗಣಿತದವರು ಸೇರಿ ಇಟ್ಟ ದತ್ತಿಯಲ್ಲಿ ಯಾರಿಗೂ ಹೊಳೆಯಲಿಲ್ಲ ನೋಡಿ! ನಾವು ಮೂರು ಲಕ್ಷ ಕೂಡಿಸಿದೆವು, ಬಡ್ಡಿಯಲ್ಲಿ ಅರ್ಧ ಮಾತ್ರ ಬಹುಮಾನಕ್ಕೆ, ಉಳಿದರ್ಧ ಮೂಲಧನಕ್ಕೇ ಸೇರಬೇಕು ಎಂದು ಬರೆಸಿದೆವು. ಈ ಬ್ಯಾಚಿನಿಂದ ಗಣಿತಕ್ಕೆ ಆದ ಕೊಡುಗೆ ಬಹುಶಃ ಇದೊಂದೇ.

ಹೆಸರುಗಳಲ್ಲಿ ಯಾವುದು ಮೊದಲು ಎಂಬ ಜಗಳವೂ ಆಯಿತು. ವಯಸ್ಸಿನಂತೆ ಸರ್ ಮೊದಲು ಎಂದು ಕೆಲವರು, ತೀರಿಕೊಂಡವರು ಮೊದಲು ಎಂದು ಕೆಲವರು. ಅಕಾರಾದಿಯಲ್ಲಿ ಹಾಕಿ ಎಂದ ಒಬ್ಬ. ಇಂಗ್ಲಿಷ್ ಅಕ್ಷರಗಳಲ್ಲಿ ಸರ್ ಮೊದಲು ಬರುತ್ತಾರೆ, ಕನ್ನಡದಲ್ಲಿ ಸ್ವರದಿಂದ ಶುರುವಾಗುವ ಮೇಡಂ ಹೆಸರು. ಕನ್ನಡ ಗೆದ್ದಿತು.

ಆದರೆ ನಿಜವಾದ ತೊಡಕು ಸರ್ ಹಾಕಿದ ಷರತ್ತು. "ಮೊದಲ ರ‍್ಯಾಂಕಿಗೆ ಕೊಡಬೇಡಿ. ಅವರಿಗೆ ಹೇಗೂ ಸಿಗುತ್ತೆ. ನನ್ನ ಪೇಪರಲ್ಲಿ ಒಂದು ಸಲ ಫೇಲಾಗಿ, ಎರಡನೇ ಸಲ ಬರೆದವರಿಗೆ ಕೊಡಿ."

ಗುಂಪು ಇಬ್ಭಾಗವಾಯಿತು. ಹಾಗಾದರೆ ಬಹುಮಾನಕ್ಕಾಗಿ ಬೇಕೆಂದೇ ಫೇಲಾಗುತ್ತಾರೆ ಎಂದ ಬ್ಯಾಂಕಿನಲ್ಲಿರುವವನು. ಮೂರು ಲಕ್ಷದ ಬಡ್ಡಿಯಲ್ಲಿ ಅರ್ಧಕ್ಕಾಗಿ ಒಂದು ಸೆಮಿಸ್ಟರ್ ಕಳೆದುಕೊಳ್ಳುವವನಿಗೆ ಗಣಿತವೇ ಬರುವುದಿಲ್ಲ ಬಿಡು ಎಂದಳು ಇನ್ನೊಬ್ಬಳು. ಘಟಿಕೋತ್ಸವದ ಪಟ್ಟಿಗೆ ಸೇರಿಸೋಣವೆಂದು ವಿಚಾರಿಸಿದರೆ, ಅಲ್ಲಿ ಅಂಕಪಟ್ಟಿಯಿಂದ ನೇರವಾಗಿ ತೆಗೆಯಲು ಬರುವ ಮಾನದಂಡ ಮಾತ್ರ ನಡೆಯುತ್ತದೆ ಎಂದು ತಿಳಿಯಿತು. ತಪ್ಪೇನಲ್ಲ. ನೂರಾರು ದತ್ತಿಗಳಿರುವಾಗ ಒಂದೊಂದಕ್ಕೆ ಒಂದೊಂದು ಕಥೆ ಕೇಳುತ್ತ ಕೂರಲಾದೀತೆ? ಅತಿ ಹೆಚ್ಚು ಅಂಕ ಎನ್ನುವುದರಲ್ಲಿ ಒಂದು ನ್ಯಾಯವೂ ಇದೆ, ಯಾರ ವಶೀಲಿಯೂ ನಡೆಯುವುದಿಲ್ಲ. ಅದೇ ನಿಯಮದಿಂದ ಪದಕ ಪಡೆದವಳು ನಾನು, ಈಗ ಅದನ್ನು ಹೀಗಳೆದರೆ ಚೆನ್ನಾಗಿರುವುದಿಲ್ಲ.

ಆದರೂ ನನಗೆ ರಾಮಾನುಜನ್ ಮತ್ತೆ ಮತ್ತೆ ನೆನಪಾದರು. 1904ರಲ್ಲಿ ರಂಗನಾಥ ರಾವ್ ಬಹುಮಾನ ಪಡೆದ ಅದೇ ಹುಡುಗ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿ, ಗಣಿತ ಬಿಟ್ಟು ಉಳಿದದ್ದನ್ನು ಓದದೆ ವಿದ್ಯಾರ್ಥಿವೇತನ ಕಳೆದುಕೊಂಡ. 1905ರಲ್ಲಿ ಮನೆಗೆ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದ. ಆಮೇಲೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜು, ಅಲ್ಲೂ ಈಗಿನ ಪಿಯುಸಿಯಂಥ ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. ಒಟ್ಟು ಅಂಕ ನೋಡುವ ಯಾವ ಪಟ್ಟಿಯಲ್ಲೂ ಆ ಹೆಸರು ಸಿಗುತ್ತಿರಲಿಲ್ಲ. ಎಲ್ಲ ಫೇಲಾದವರೊಳಗೂ ರಾಮಾನುಜನ್ ಇರುತ್ತಾರೆ ಎಂದು ಹೇಳುತ್ತಿಲ್ಲ, ಇಪ್ಪತ್ತೈದು ವರ್ಷ ಪೇಪರ್ ತಿದ್ದಿದವಳು ಆ ಮಾತು ಹೇಳಲಾರಳು. ಪಟ್ಟಿಗೆ ಒಂದೇ ಕಣ್ಣು ಸಾಲದು, ಅಷ್ಟೆ.

ಮೇಷ್ಟರ ಲೆಕ್ಕವೂ ಹೀಗೇ ಪಟ್ಟಿಗೆ ಸಿಗದ್ದು. ಮದ್ರಾಸಿನ ಲೊಯೋಲಾ ಕಾಲೇಜಿನಲ್ಲಿ ಫಾದರ್ ರಸೀನ್ ಎಂಬ ಫ್ರೆಂಚ್ ಪಾದ್ರಿ ಪಾಠ ಹೇಳುತ್ತಿದ್ದರು, ಪ್ಯಾರಿಸ್ಸಿನಲ್ಲಿ ಗಣಿತಜ್ಞ ಎಲೀ ಕಾರ್ತಾನ್ ಬಳಿ ಕಲಿತವರು. ಅವರ ತರಗತಿಯಲ್ಲಿ ಕೂತಿದ್ದ ಇಬ್ಬರು ಹುಡುಗರು ನರಸಿಂಹನ್ ಮತ್ತು ಶೇಷಾದ್ರಿ. 1965ರ ಅವರ ಜೋಡಿ ಪ್ರಮೇಯ ಈಗ ಗಣಿತದ ಜಗತ್ತಿಗೆಲ್ಲ ಗೊತ್ತು. ನಮ್ಮ ಮೈಸೂರಿನಲ್ಲಿ ಕೆ. ವೆಂಕಟಾಚಲಯ್ಯಂಗಾರ್ ಇದ್ದರು. ರಾಮಾನುಜನ್ ನೋಟ್‌ಬುಕ್ಕುಗಳನ್ನು ರಾಮಾನುಜನ್ ದಾರಿಯಲ್ಲೇ ಅರ್ಥ ಮಾಡಿಕೊಳ್ಳಬೇಕೆಂದು ಹಟ ಹಿಡಿದ ಮೇಷ್ಟರು. ಆ ಮಣ್ಣಿನಲ್ಲೇ ಬೆಳೆದ ಎಸ್. ಭಾರ್ಗವ, ಚಂದ್ರಶೇಖರ ಅಡಿಗ ಅಮೆರಿಕದ ಬ್ರೂಸ್ ಬರ್ನ್ಟ್ ಮತ್ತು ಇಂಗ್ಲೆಂಡಿನ ಜಿ.ಎನ್. ವಾಟ್ಸನ್ ಹೆಸರುಗಳ ಜೊತೆ 1985ರಲ್ಲಿ ಎರಡನೇ ನೋಟ್‌ಬುಕ್ಕಿನ ಹದಿನಾರನೇ ಅಧ್ಯಾಯವನ್ನು ಬಿಡಿಸಿ ಪ್ರಕಟಿಸಿದರು. ವೆಂಕಟಾಚಲಯ್ಯಂಗಾರರ ಸ್ವಂತ ಪುಸ್ತಕ ಬಂದದ್ದು 1988ರಲ್ಲಿ, ಅವರಿಗೆ ಎಂಬತ್ತಾಗುವ ಹೊತ್ತಿಗೆ, ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಿಂದ. ಹೊರಗಿನವರ ಕೈಗೆ ಅದು ಸುಲಭವಾಗಿ ಸಿಗುವಂತಾದದ್ದು 2012ರಲ್ಲಿ, ನ್ಯೂಜಿಲೆಂಡಿನ ಶಾನ್ ಕೂಪರ್ ಸಂಪಾದಿಸಿ ಮರುಮುದ್ರಿಸಿದಾಗ. ಆಗ ಮೇಷ್ಟರು ಇರಲಿಲ್ಲ.

ಕೊನೆಗೆ ಘಟಿಕೋತ್ಸವ ಬೇಡವೆಂದಾಯಿತು. ವಿಭಾಗದಲ್ಲೇ, ಡಿಸೆಂಬರ್ 22ರ ಗಣಿತ ದಿನದಂದು ಕೊಡುವುದು. ಆದರೆ ಈಗಿನ ವಿಭಾಗದ ಮುಖ್ಯಸ್ಥೆ ಎತ್ತಿದ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ: "ಫೇಲಾಗಿದ್ದನ್ನ ವೇದಿಕೆ ಮೇಲೆ ಕೂಗಿ ಹೇಳಿದ ಹಾಗಾಗಲ್ವಾ? ಯಾವ ಹುಡುಗಿ ಬಂದು ತಗೋತಾಳೆ, ಅಪ್ಪ ಅಮ್ಮ ಮುಂದೆ ಕೂತಿರುವಾಗ?" ಎರಡು ವಾರ ಅದರಲ್ಲೇ ಹೋಯಿತು. ಕೊನೆಗೆ ನಿಯಮದಲ್ಲಿ ಫೇಲು ಎಂಬ ಪದವೇ ಬರದಂತೆ, "ಎರಡು ವರ್ಷಗಳಲ್ಲಿ ಅತಿ ದೂರ ನಡೆದ ವಿದ್ಯಾರ್ಥಿ" ಎಂದು ಬರೆದು, ಆಯ್ಕೆಯನ್ನು ಅಧ್ಯಾಪಕರಿಗೇ ಬಿಟ್ಟೆವು. ಮೊದಲು ಆ ವಿದ್ಯಾರ್ಥಿಯನ್ನು ಒಬ್ಬರೇ ಕರೆದು ಕೇಳಬೇಕು, ಬೇಡ ಅಂದರೆ ಹೆಸರು ಆಚೆ ಹೋಗಬಾರದು. ಇನ್ನೊಂದು ನನ್ನ ಹಟ: ಕೊಡುವಾಗ ಸರ್ ಬಗ್ಗೆ ಮೂರು ವಾಕ್ಯ, ಮೇಡಂ ಬಗ್ಗೆ ಮೂರು ವಾಕ್ಯ ಓದಲೇಬೇಕು, ಬರೀ ಹೆಸರಲ್ಲ. ತಗಾದೆಯೂ ವರಾಂಡವೂ ಅದರಲ್ಲಿ ಬರಬೇಕು. 'ಮಹಾನ್', 'ಅಪ್ರತಿಮ' ಇವೆರಡನ್ನು ಸರ್ ಕರಡಿನಲ್ಲೇ ಕೆಂಪಿನಲ್ಲಿ ಹೊಡೆದುಹಾಕಿದರು.

ಮೊದಲ ಬಹುಮಾನ ಕಳೆದ ವರ್ಷ ಹೋಯಿತು. ಹುಡುಗಿ ಬೇಡ ಅನ್ನಲಿಲ್ಲ. ಕೆಂಪು ಗಡಿಯ ಸೀರೆ ಉಟ್ಟು ಬಂದಿದ್ದಳು, ಚೆಕ್ ತೆಗೆದುಕೊಂಡು ಮೈಕಿನ ಮುಂದೆ ತಾನೇ, "ನಾನು ಫಸ್ಟ್ ಸೆಮ್ ಅನಾಲಿಸಿಸ್‌ನಲ್ಲಿ ಹೋಗಿದ್ದೆ" ಅಂದಳು. ಎರಡು ವಾರ ಅಳೆದು ತೂಗಿ ಬರೆದ ನಿಯಮ ಅಲ್ಲೇ ಮುಗಿಯಿತು.

ಸರ್‌ಗೆ ಮಂಡಿ ನೋವು, ಬಂದಿರಲಿಲ್ಲ. ರಾತ್ರಿ ಫೋನ್ ಮಾಡಿದರು. ಎಷ್ಟು ಜನ ಬಂದಿದ್ದರು, ಯಾರು ಮಾತಾಡಿದರು, ಏನೂ ಕೇಳಲಿಲ್ಲ. "ಆ ಹುಡುಗಿ ಮೊದಲ ಸಲ ಯಾವುದರಲ್ಲಿ ಬಿದ್ದಳಂತೆ?" ಗೊತ್ತಿಲ್ಲ ಸರ್ ಅಂದೆ. "ಕೇಳಿ ಹೇಳು." ಮುಖ್ಯಸ್ಥೆಯಿಂದ ನಂಬರ್ ತೆಗೆದುಕೊಂಡು ಮಾರನೇ ದಿನ ಕೇಳಿದೆ. ಯೂನಿಫಾರ್ಮ್ ಕನ್ವರ್ಜೆನ್ಸ್ ಮೇಡಂ, ಎಂದು ನಕ್ಕಳು. ಎಕ್ಸ್ ಮೊದಲು ಹಿಡಿಯಬೇಕೋ ಎನ್ ಮೊದಲು ಹಿಡಿಯಬೇಕೋ ಎಂದು ಗೊಂದಲವಾಗಿ, ಪ್ರತಿ ಎಕ್ಸ್‌ಗೆ ಬೇರೆ ಬೇರೆ ಎನ್ ತೆಗೆದುಕೊಂಡು (ಎಲ್ಲ ಎಕ್ಸಿಗೂ ಒಂದೇ ಎನ್ ಸಾಲಬೇಕಿತ್ತು) ಪೂರ್ತಿ ಸಾಧನೆ ಬರೆದಿದ್ದಳಂತೆ. ಸೊನ್ನೆಯಿಂದ ಒಂದರವರೆಗೆ ಎಕ್ಸಿನ ಘಾತ ಎನ್, ಅದೇ ಹಳೇ ಉದಾಹರಣೆ. ಕೊನೆಯ ಬಿಂದುವಿನಲ್ಲಿ ಎಲ್ಲ ಕುಸಿಯುತ್ತದೆ.

ಸರ್‌ಗೆ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

"ನನಗೂ ಅಲ್ಲೇ ಹೋಗಿದ್ದು, 1969ರಲ್ಲಿ" ಅಂದರು. "ಎರಡನೇ ಸಲ ಕಟ್ಟಿ ಬರೆದೆ. ಸೈಕಲ್ ಮೇಷ್ಟ್ರು ಮನೆಗೆ ಕರೆದು ಕೂರಿಸಿ ಹೇಳಿಕೊಟ್ಟರು. ಇದನ್ನ ಆ ಮೂರು ವಾಕ್ಯಕ್ಕೆ ಸೇರಿಸಬೇಡ."

ಸೇರಿಸಿಲ್ಲ. ಇಲ್ಲಿ ಬರೆಯುವ ಬಗ್ಗೆ ಅವರೇನೂ ಹೇಳಿರಲಿಲ್ಲ.